ಕಡಲಿನ ಮೀನಿಗೆ ಒಡೆಯರಾರು?

ಕೊಡಗಿನ ದಕ್ಷಿಣದ ಅಂಚಿನಲ್ಲಿರುವ ಕುಟ್ಟಕ್ಕೆ ಕಡಲು ಕಾಣದು. ಆದರೂ ಕೇರಳದ ಗಡಿಗೆ ಒತ್ತಿಕೊಂಡಿರುವ ಈ ಊರಿಗೆ ಮತ್ತಿ, ಬಂಗುಡೆಗಳು ಅಪರಿಚಿತವಲ್ಲ. ಮಳೆಗಾಲದಲ್ಲಿ ಮೀನಿನ ಬೆಲೆ ಏರಿದಾಗ ನಾವು ಮಾರುವವರನ್ನು ದೂರುತ್ತೇವೆ. ಆ ಬೆಲೆಯ ಹಿಂದೆ ಅರ್ಧ ಶತಮಾನದ ಚರಿತ್ರೆಯಿದೆ ಎಂಬುದನ್ನು ತಾವು ಗಮನಿಸಬೇಕು.

1970ರ ದಶಕದ ನಡುವಿನವರೆಗೆ ಕರ್ನಾಟಕದ ಕರಾವಳಿಯಲ್ಲಿ ರಂಪಣಿ ಬಲೆಗೆ ದೊಡ್ಡ ಸ್ಥಾನವಿತ್ತು. ಹತ್ತಾರು ಜನ ಕೂಡಿ ಅದನ್ನು ದಡಕ್ಕೆಳೆದು, ಸಿಕ್ಕಿದುದನ್ನು ಪಾಲು ಹಂಚಿಕೊಳ್ಳುತ್ತಿದ್ದರು. ಮೀನು ದಡದ ಬಳಿಗೆ ಬಂದರಷ್ಟೇ ಬಲೆಗೆ ಸಿಗುತ್ತಿತ್ತು. ಅನಂತರ ಯಂತ್ರದೋಣಿಯ ಪರ್ಸೀನ್ ಬಲೆ ಬಂದಿತು. ಸಾಲ, ಸಹಾಯಧನಗಳು ಅದರ ಬೆನ್ನಿಗೆ ನಿಂತವು. ಮೀನಿನ ಹಿಂಡನ್ನು ಅದು ದಡ ಸೇರುವ ಮೊದಲೇ ಸುತ್ತುವರಿಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು; ಪಾಲುದಾರರಾಗಿದ್ದ ಅನೇಕರು ಕೂಲಿಯಾಳುಗಳಾದರು.

ಮಾರುಕಟ್ಟೆ ತಾನೇ ಇದನ್ನು ಸರಿಪಡಿಸಲಾರದೇ? ಕೆನಡಾದ ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ 1954ರಲ್ಲಿಯೇ ಇದಕ್ಕೆ ಉತ್ತರವಿತ್ತಿದ್ದರು. ಗದ್ದೆಯ ಒಡೆಯ ಬಿತ್ತನೆಯ ಬೀಜವನ್ನು ಉಳಿಸುತ್ತಾನೆ. ಒಡೆಯನಿಲ್ಲದ ಕಡಲಿನಲ್ಲಿ ನಾನು ಬಿಟ್ಟ ಮೀನು ಮತ್ತೊಬ್ಬನ ಬಲೆಗೆ ಬೀಳುತ್ತದೆ. ಮೀನು ವಿರಳವಾದಷ್ಟೂ ಬೆಲೆ ಏರಿ, ಉಳಿದುದನ್ನೂ ಬೆನ್ನಟ್ಟುವ ಆಸೆ ಹೆಚ್ಚುತ್ತದೆ. ಅವರ ದೇಶದಲ್ಲಿಯೇ 1992ರಲ್ಲಿ, ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು.

ಆದುದರಿಂದ ನಿಯಮ ಅನಿವಾರ್ಯವಾಯಿತು. ನಮ್ಮಲ್ಲಿ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯಗಳಿಗೆ, ಅದರಾಚೆಯದು ಕೇಂದ್ರಕ್ಕೆ ಸೇರಿದೆ. ಕೇರಳ 1980ರಲ್ಲಿ, ಕರ್ನಾಟಕ 1986ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಗಳನ್ನು ತಂದವು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕವು ಜೂನ್ 1ರಿಂದ 61 ದಿನ ಯಂತ್ರದೋಣಿಗಳನ್ನು ತಡೆದರೆ, ಕೇರಳವು ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲ್ ದೋಣಿಗಳನ್ನು ತಡೆಯುತ್ತದೆ. ಗಡಿಯೂರಿನ ನಮಗೆ ಇದರ ವಿಚಿತ್ರ ಬೇಗ ಅರ್ಥವಾಗುತ್ತದೆ: ಮೀನಿಗೆ ಗಡಿಯಿಲ್ಲ, ನಿಯಮಕ್ಕಿದೆ. ಮಳೆಗಾಲದಲ್ಲಿ ದೋಣಿಯನ್ನು ತಡೆಯುವ ಸರಕಾರವೇ ಉಳಿದ ತಿಂಗಳುಗಳಲ್ಲಿ ಅದಕ್ಕೆ ತೆರಿಗೆಯಿಲ್ಲದ ಡೀಸೆಲ್ ಕೊಡುವುದೂ ವಿಚಿತ್ರವೇ.

ನಿಷೇಧದ ದಿನಗಳಲ್ಲಿ ದೋಣಿಯ ಒಡೆಯನಿಗೆ ಲಾಭ ತಪ್ಪುತ್ತದೆ. ಕೂಲಿಯಾಳಿಗೂ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೂ ಒಲೆ ಆರುತ್ತದೆ. ನಾಳಿನ ಮೀನನ್ನು ಉಳಿಸುವ ನಿಯಮವು ಇವರ ಇಂದಿನ ಅನ್ನವನ್ನೂ ಉಳಿಸಿದರೆ ಮಾತ್ರ ನ್ಯಾಯವೆನಿಸೀತು. ಆಷಾಢದ ಮಳೆಯಲ್ಲಿ ಮೀನಿನ ಬೆಲೆ ಕೇಳಿ ಬೆಚ್ಚುವಾಗ, ಓದುಗರೇ, ಆ ಆರಿದ ಒಲೆಯನ್ನೂ ಒಮ್ಮೆ ನೆನೆಯೋಣ.