ಹೊಂಬಳದ ಹೊಲ, ಅದರ ಉತಾರ, ಮತ್ತೆ ಎಕರೆಯ ಬೆಲೆ

ಗೆಳೆಯರೇ, ಈ ಸಲದ ಬರಹ ಸ್ವಲ್ಪ ಉದ್ದ. ಚಾ ಹಿಡಕೊಂಡು ಕೂಡ್ರಿ :-)

ನಮ್ಮೂರು ಗದಗ ತಾಲ್ಲೂಕಿನ ಹೊಂಬಳ. ಅಲ್ಲಿ ನಮ್ಮ ಮನೆತನಕ್ಕೆ ನಾಲ್ಕು ಎಕರೆ ಇಪ್ಪತ್ತು ಗುಂಟೆ ಎರಿ ಹೊಲ ಇದೆ. ಈಗ ಎರಡು ವರ್ಷದಿಂದ ಅದನ್ನ ಮಾರಬೇಕೋ ಬೇಡವೋ ಅನ್ನೋ ಮಾತು ನಡೀತಿದೆ. ಒಬ್ಬ ಕಾಕಾ ಮಾರೋಣ ಅಂತಾನೆ, ಇನ್ನೊಬ್ಬ ಕಾಕಾ ಬ್ಯಾಡ ಅಂತಾನೆ, ಅಪ್ಪ ಸುಮ್ಮನಿರ್ತಾರೆ. "ನೀ ಇಂಜಿನಿಯರ್ ಅದೀಯಲ್ಲ, ಕಾಗದ ನೋಡಿ ಹೇಳು" ಅಂತ ಒಂದು ಬಟ್ಟೆಯ ಗಂಟನ್ನ ನನ್ನ ಕೈಗೆ ಕೊಟ್ಟರು. ನಾನು ದಿನಾ ಡೇಟಾಬೇಸ್ ಜೊತೆ ಗುದ್ದಾಡುವವ. ಕಾಗದ ಓದುತ್ತಾ ಹೋದ ಹಾಗೆ ತಿಳಿದದ್ದು ಇಷ್ಟು: ಎಕರೆಗೆ ಎಷ್ಟು ಅನ್ನೋ ಪ್ರಶ್ನೆಯ ಹಿಂದೆ ಇನ್ನೂರು ವರ್ಷದ ಕಥೆ ಇದೆ. ಅದನ್ನೇ ಇಲ್ಲಿ ಹೇಳ್ತೀನಿ.

ಮೊದಲು ಅಳತೆ. ಗದಗ, ಲಕ್ಕುಂಡಿ ಕಡೆಯ ಹಳೆಯ ಶಾಸನಗಳಲ್ಲಿ ಹೊಲಕ್ಕೆ ಕೆಯ್ ಅಂತಾರೆ, ದಾನ ಕೊಟ್ಟ ಭೂಮಿಯನ್ನ ಮತ್ತರು, ಕಮ್ಮ ಅಂತ ಎಣಿಸ್ತಾರೆ. ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಉಳಿದಿರೋದು ಕೂರಿಗೆ ಲೆಕ್ಕ, ಅಂದ್ರೆ ಬಿತ್ತುವ ಕೂರಿಗೆಯಿಂದಲೇ ಹೊಲದ ಅಳತೆ. ಎಕರೆ-ಗುಂಟೆ ಬಂದದ್ದು ಬ್ರಿಟಿಷರ ಸರ್ವೇ ಜೊತೆ. 33 ಅಡಿ ಉದ್ದ, 33 ಅಡಿ ಅಗಲ ಆದರೆ ಒಂದು ಗುಂಟೆ, 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಯ ಹದಿನಾರನೇ ಪಾಲು ಒಂದು ಆಣೆ. ಅಳತೆ ಬದಲಾದಾಗ ಹೊಲದ ಅರ್ಥವೂ ಬದಲಾಯಿತು. ಕೂರಿಗೆ ಲೆಕ್ಕದಲ್ಲಿ ದುಡಿಮೆ ಇದೆ, ಗುಂಟೆ ಲೆಕ್ಕದಲ್ಲಿ ಮಾರಾಟ ಇದೆ.

1818ರ ಜನವರಿಯಲ್ಲಿ ಥಾಮಸ್ ಮನ್ರೋ ಪೇಶ್ವೆಯ ಕೈಯಿಂದ ಗದಗ, ಡಂಬಳದ ಕೋಟೆಗಳನ್ನ ತಗೊಂಡ. ಮದ್ರಾಸಿನ ಕಡೆ ರೈತವಾರಿ ಪದ್ಧತಿ ಬೆಳೆಸಿದವ ಇವನೇ. ನಡುವೆ ಜಮೀನ್ದಾರ ಬೇಡ, ಸರಕಾರ ನೇರವಾಗಿ ರೈತನಿಂದ ಕಂದಾಯ ತಗೊಳ್ಳಲಿ ಅನ್ನೋದು ಅದರ ತಿರುಳು. ಇದೇ ವಿಚಾರ ಆಗಲೇ ಸಮುದ್ರ ದಾಟಿತ್ತು ಅಂತ ಓದಿ ನನಗೆ ಆಶ್ಚರ್ಯ ಆಯ್ತು. 1811ರಿಂದ 1816ರವರೆಗೆ ಜಾವಾ ದ್ವೀಪ ಬ್ರಿಟಿಷರ ಕೈಯಲ್ಲಿದ್ದಾಗ ಅಲ್ಲಿನ ಆಡಳಿತಗಾರ ರಾಫಲ್ಸ್, ಭಾರತದ ಮಾದರಿ ನೋಡಿಯೇ ಅಲ್ಲೂ ಭೂಕಂದಾಯ ಪದ್ಧತಿ ತಂದ. ಅಲ್ಲಿಯ ಭೂಮಿ ಹಿಡುವಳಿಯ ವಿಚಾರಣೆ ಮಾಡಿದವ ಯಾರು ಗೊತ್ತೇ? ಕರ್ನಾಟಕದ ಕೈಫಿಯತ್ತು, ಶಾಸನಗಳನ್ನ ಸಂಗ್ರಹಿಸಿದ ನಮ್ಮ ಕಾಲಿನ್ ಮೆಕೆಂಝಿ! ಈ ಜಾವಾದ ಮಾತಿಗೆ ಆಮೇಲೆ ಬರ್ತೀನಿ.

ನಮ್ಮ ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1840ರ ದಶಕದಲ್ಲಿ ವಿಂಗೇಟ್ ಎಂಬ ಇಂಜಿನಿಯರ್ ಅಧಿಕಾರಿಯ ಸರ್ವೇ ನಡೆಯಿತು. ಅದನ್ನ ಓದುವಾಗ ನನಗೆ ನಮ್ಮ ಆಫೀಸಿನ ಸ್ಕೀಮಾ ಡಿಸೈನ್ ನೆನಪಾಯ್ತು. ಪ್ರತಿ ಹೊಲಕ್ಕೂ ಒಂದು ಸರ್ವೇ ನಂಬರ್. ಮಣ್ಣಿಗೆ ಮೂರು ಜಾತಿ, ಆಳ ನೋಡಿ ಒಂಬತ್ತು ದರ್ಜೆ, ಅತ್ಯುತ್ತಮ ಮಣ್ಣಿಗೆ ಹದಿನಾರಾಣೆ. ಸುಣ್ಣದ ಹರಳು, ಇಳಿಜಾರು, ನೀರು ನಿಲ್ಲೋದು ಇಂಥ ಒಂದೊಂದು ದೋಷಕ್ಕೂ ದರ್ಜೆ ಇಳಿಸೋದು. ಹೀಗೆ ಕೂಡಿಸಿ ಕಳೆದು ಕಟ್ಟಿದ ಕಂದಾಯ ಮೂವತ್ತು ವರ್ಷ ಬದಲಾಗುವ ಹಾಗಿಲ್ಲ. ಆಕಾರಬಂದ ಅಂತ ಇಂದಿಗೂ ಸರ್ವೇ ಆಫೀಸಿನಲ್ಲಿ ಕೇಳ್ತೀವಲ್ಲ, ಅದರ ಬೇರು ಇಲ್ಲಿದೆ.

ಇದರಲ್ಲಿ ಮುಖ್ಯವಾದ ಮಾತು ಒಂದಿದೆ. ಕಂದಾಯ ಕಟ್ಟುವವನು ಆ ನಂಬರನ್ನ ಮಾರಬಹುದು, ಒತ್ತಿ ಹಾಕಬಹುದು. ಕಟ್ಟದಿದ್ದರೆ ಸರಕಾರ ಹರಾಜು ಹಾಕಬಹುದು. ಹೊಲ ಸಾಲಕ್ಕೆ ಆಧಾರ ಆದದ್ದು ಹೀಗೆ. ಇನ್ನೊಂದು ಕಡೆ 1852ರ ಇನಾಂ ಕಮಿಷನ್ ದೇಸಾಯರ, ಇನಾಂದಾರರ ಸನದುಗಳನ್ನ ಕೆದಕಿತು. ಆ ಸಿಟ್ಟು 1858ರ ನರಗುಂದ ಬಾಬಾಸಾಹೇಬನ, ಮುಂಡರಗಿ ಭೀಮರಾಯನ ಬಂಡಾಯದಲ್ಲಿ ಸೇರಿಕೊಂಡಿತ್ತು.

ಆಮೇಲೆ ಬಂತು ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರಲಿಲ್ಲ, ನಮ್ಮ ಎರಿ ಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ-ಅಮೆರಿಕನ್ ಅಂತ ಒಂದು ತಳಿಯೇ ಇತ್ತು. ಯುದ್ಧ ಮುಗೀತು, ಬೆಲೆ ಬಿತ್ತು. ಮಾಡಿದ ಸಾಲ ಮಾತ್ರ ಬೀಳಲಿಲ್ಲ. ಹತ್ತೇ ವರ್ಷಕ್ಕೆ 1876-78ರ ದೊಡ್ಡ ಬರ. ಆ ಮೇಲೆ 1880ರ ದಶಕದಲ್ಲಿ ಗದಗಿಗೆ ರೈಲು ಬಂದು ಅದು ಹತ್ತಿಯ ದೊಡ್ಡ ಪೇಟೆ ಆಯ್ತು. ಬರದಲ್ಲಿ ಹೊಲ ಒತ್ತಿ ಹಾಕಿದವರಿಗೆ ಪೇಟೆ ಬೆಳೆದರೇನು ಬಂತು?

ಸಾವುಕಾರನ ಸಾಲಕ್ಕೆ ನಮ್ಮ ತಾಲ್ಲೂಕೇ ಒಂದು ಉತ್ತರ ಕೊಟ್ಟಿತು ಅನ್ನೋದು ಹೆಮ್ಮೆಯ ವಿಷಯ. 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಂಘ ಅಂತ ಇದಕ್ಕೆ ಹೆಸರು. ಇವತ್ತು ಹಳ್ಳಿ ಹಳ್ಳಿಯಲ್ಲಿ ನಾವು ಸೊಸಾಯಿಟಿ ಅಂತ ಕರೆಯೋದು ಇದೇ ಸಂತತಿ.

ಈಗ ನಮ್ಮ ಗಂಟಿಗೆ ಬರೋಣ. ನಮ್ಮ ಹೊಲ ಮೊದಲಿಗೆ ನಮ್ಮದಲ್ಲ! ಮುತ್ತಜ್ಜ ಅದನ್ನ ಲಾವಣಿ ಹಾಕಿಕೊಂಡು ಮಾಡ್ತಿದ್ದರು. (ಹಳೇ ಮೈಸೂರಿನ ಗೆಳೆಯರೇ, ನಮ್ಮ ಕಡೆ ಲಾವಣಿ ಅಂದ್ರೆ ಹಾಡೂ ಹೌದು, ಗೇಣಿಯೂ ಹೌದು :-)) ಒಡೆಯರು ಪೇಟೆಯಲ್ಲಿದ್ದರು. ಮುಂಬಯಿ ಸರಕಾರ 1948ರಲ್ಲಿ ಗೇಣಿ ಕಾಯ್ದೆ ಮಾಡಿ ಗೇಣಿದಾರನಿಗೆ ಒಂದಿಷ್ಟು ರಕ್ಷಣೆ ಕೊಟ್ಟಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಭೂಸುಧಾರಣಾ ಕಾಯ್ದೆ ಬಂತು. ಆದರೆ ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹೋಗಬೇಕು. ಕೊನೆಯ ದಿನ 1979ರ ಜೂನ್ 30. ನಮ್ಮ ಅಜ್ಜ ತುಂಬಿದರು. ಹೊಲ ಹೆಸರಿಗೆ ಬಂತು. ಹಾಗೆ ಬಂದ ಹೊಲವನ್ನ ಹದಿನೈದು ವರ್ಷ ಮಾರುವ ಹಾಗಿಲ್ಲ ಅನ್ನೋ ಕರಾರೂ ಇತ್ತು.

ಅದೇ ಹೊತ್ತಿಗೆ ಮಲಪ್ರಭೆಯ ನೀರಿನ ಮಾತು. ನವಿಲುತೀರ್ಥದ ಅಣೆಕಟ್ಟಿನ ಕಾಲುವೆ ಬಂದರೆ ಹೊಲದ ಬೆಲೆ ಏರುತ್ತೆ ಅಂತ ಸರಕಾರವೇ ಲೆಕ್ಕ ಹಾಕಿ, ಏರಿದ ಬೆಲೆಗೆ ಅಭಿವೃದ್ಧಿ ಕರ ಹೇರಿತು. ನೀರು ಸರಿಯಾಗಿ ಬಾರದವರಿಗೂ ಕರ! 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಬಂಡೆದ್ದರು, ಗೋಲಿಬಾರ್ ಆಯ್ತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ಇನ್ನೂ ಬಾರದ ನೀರಿನ ಹೆಸರಲ್ಲಿ ಬೆಲೆ ಕಟ್ಟಿದ್ದು ಬ್ರೋಕರ್ ಅಲ್ಲ, ಸರಕಾರವೇ. ನನಗೆ ಇದು ಮರೆಯಬಾರದ ಪಾಠ ಅನಿಸುತ್ತೆ. ಯಾಕಂದ್ರೆ ಇವತ್ತು ಬರುವ ಪಾರ್ಟಿಗಳೂ ಮಹದಾಯಿ ನೀರಿನ ಮಾತು, ಗಾಳಿ ಫ್ಯಾನಿನ ಮಾತು, ಸೋಲಾರಿನ ಮಾತು ಆಡ್ತಾರೆ.

2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಹದಿನೈದು ರೂಪಾಯಿಗೆ ಉತಾರ! ತಲಾಟಿಯ ಮನೆ ಬಾಗಿಲು ಕಾಯೋದು ತಪ್ಪಿತು. ಇದು ಸಣ್ಣ ಮಾತಲ್ಲ. ಆದರೆ ಕಂಪ್ಯೂಟರ್ ಕಾಗದವನ್ನ ಸರಿ ಮಾಡಿತು, ಬದುವನ್ನಲ್ಲ. ನಮ್ಮ ಉತಾರದಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದೆ, ಪೋಡಿ ಆಗಿಲ್ಲ. ಯಾರದು ಎಲ್ಲಿಂದ ಎಲ್ಲಿಗೆ ಅಂತ ಯಾವ ಸರ್ವರ್ ಕೇಳಿದರೂ ಹೇಳೋದಿಲ್ಲ.

ಇನ್ನು ಕೊಳ್ಳುವವರ ಕಡೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಬೇಕಾಗಿತ್ತು. ರೈತರು, ಜೊತೆಗೆ ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಬೀದಿಗಿಳಿದರು. ಆ ವರ್ಷವೇ ಭೂಸ್ವಾಧೀನ ನಿಂತಿತು. ಆದರೆ ಎಕರೆಗೆ ಲಕ್ಷಗಳ ಲೆಕ್ಕ ಒಮ್ಮೆ ಕಿವಿಗೆ ಬಿದ್ದ ಮೇಲೆ ಅದು ಹೊರಗೆ ಹೋಗಲ್ಲ. ಮುಂದೆ 2020. ಅಲ್ಲಿಯವರೆಗೆ 79ಎ, 79ಬಿ ಕಲಮುಗಳು ರೈತನಲ್ಲದವನಿಗೆ ಹೊಲ ಕೊಳ್ಳಲು ಬಿಡ್ತಿರಲಿಲ್ಲ. ಬೇರೆ ಆದಾಯದ ಮಿತಿ 2015ರಲ್ಲೇ ಎರಡು ಲಕ್ಷದಿಂದ ಇಪ್ಪತ್ತೈದು ಲಕ್ಷಕ್ಕೆ ಏರಿತ್ತು. 2020ರಲ್ಲಿ ಆ ಕಲಮುಗಳೇ ಹೋದವು. ಈಗ ಬೆಂಗಳೂರಿನ ಯಾವನಾದರೂ ಹೊಂಬಳದ ಹೊಲ ಕೊಳ್ಳಬಹುದು. ನಮಗೆ ಫೋನ್ ಬರ್ತಿರೋದು ಅದಕ್ಕೇ.

ಜಾವಾದ ಮಾತು ಬಾಕಿ ಇತ್ತಲ್ಲ. ಸ್ವತಂತ್ರ ಇಂಡೋನೇಷ್ಯಾ 1960ರಲ್ಲಿ ಭೂಮಿಯ ಮೂಲ ಕಾಯ್ದೆ ಮಾಡಿತು, ಪೂರ್ಣ ಒಡೆತನ ಆ ದೇಶದ ಪ್ರಜೆಗೆ ಮಾತ್ರ. 1961ರ ನಿಯಮ ಇನ್ನೂ ಮುಂದೆ ಹೋಯ್ತು: ಹೊಲ ಇರುವ ತಾಲ್ಲೂಕಿನಂಥ ಘಟಕ, ಅವರು ಕೆಚಾಮತಾನ್ ಅಂತಾರೆ, ಅದರ ಹೊರಗೆ ವಾಸಿಸುವ ಒಡೆಯ ಆರು ತಿಂಗಳಲ್ಲಿ ಹೊಲವನ್ನ ಅಲ್ಲಿರುವವನಿಗೆ ಬಿಟ್ಟುಕೊಡಬೇಕು. ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ನಿಯಮ ನಮ್ಮಲ್ಲಿದ್ದಿದ್ದರೆ ಹೊಲ ಯಾರದು?

ಯಾಕಂದ್ರೆ ನಮ್ಮ ಹೊಲವನ್ನ ಈಗ ಮಾಡೋದು ನಾವಲ್ಲ. ಊರಲ್ಲೇ ಇರುವ ಒಬ್ಬ ಅಣ್ಣಾವ್ರು ಲಾವಣಿ ಹಾಕಿಕೊಂಡಿದ್ದಾರೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. 1974ರ ನಂತರ ಗೇಣಿ ಕೊಡೋದೇ ಕಾನೂನಿನಲ್ಲಿ ಇಲ್ಲ, ಹಾಗಾಗಿ ಎಲ್ಲಾ ಬಾಯಿಮಾತು. ಮಳೆ ಕೈಕೊಟ್ಟರೆ ಬೆಳೆ ಪರಿಹಾರ ಉತಾರದಲ್ಲಿ ಹೆಸರಿದ್ದವರ ಖಾತೆಗೆ, ಅಂದ್ರೆ ಅಪ್ಪನ ಖಾತೆಗೆ. ಅಪ್ಪ ಅದನ್ನ ಅವರಿಗೆ ಕೊಡ್ತಾರೆ, ಕೊಡಲೇಬೇಕು ಅಂತ ಬರೆದದ್ದು ಎಲ್ಲೂ ಇಲ್ಲ. ನಮ್ಮ ಮುತ್ತಜ್ಜ ಇದ್ದ ಜಾಗದಲ್ಲಿ ಇವರಿದ್ದಾರೆ. ಆದರೆ ಇವರಿಗೆ ಫಾರಂ ನಂಬರ್ 7 ಇಲ್ಲ.

ಇನ್ನೊಂದು ಹೆಸರೂ ಉತಾರದಲ್ಲಿ ಇಲ್ಲ. ಅದು ನಮ್ಮ ಅತ್ತೆಯದು. 2005ರ ತಿದ್ದುಪಡಿ, ಅದರ ಮೇಲೆ 2020ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಪಿತ್ರಾರ್ಜಿತದಲ್ಲಿ ಮಗಳ ಪಾಲೂ ಮಗನಷ್ಟೇ. ನಮ್ಮದು 180 ಗುಂಟೆ. ಮೂರು ಪಾಲಾದರೆ ಒಬ್ಬೊಬ್ಬರಿಗೆ 60, ನಾಲ್ಕಾದರೆ 45. "ಅಕ್ಕ ಸಹಿ ಮಾಡ್ತಾಳ ಬಿಡು" ಅಂತಾರೆ ಕಾಕಾ. ಮಾಡ್ತಾರೆ, ನನಗೂ ಗೊತ್ತು. ತವರಿನ ಬಾಗಿಲು ತೆರೆದಿರಲಿ ಅಂತ ಎಷ್ಟು ಹೆಣ್ಣುಮಕ್ಕಳು ಹಾಗೆ ಸಹಿ ಮಾಡಿಲ್ಲ ಹೇಳಿ?

ನಾನು ಮನೆಯಲ್ಲಿ ಹೇಳಿದ್ದು ಇಷ್ಟು. ಮೊದಲು ಅತ್ತೆಯ ಹೆಸರು ಸೇರಿಸಿ ವಾಟ್ನಿ ಆಗಲಿ, ಪೋಡಿ ಆಗಲಿ. ಆಮೇಲೂ ಯಾರಾದರೂ ತಮ್ಮ ಪಾಲು ಮಾರುವುದಾದರೆ ಮೊದಲು ಕೇಳಬೇಕಾದ್ದು ಲಾವಣಿ ಮಾಡುವ ಅಣ್ಣಾವ್ರನ್ನ, ಅವರು ಕಟ್ಟಬಹುದಾದ ಕಂತಿನಲ್ಲಿ. ಪಾರ್ಟಿಯ ರೇಟಿಗಿಂತ ಅದು ಕಡಿಮೆ ಆಗುತ್ತೆ, ನಿಜ. ಒಬ್ಬ ಕಾಕಾ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅತ್ತೆ ಮಾತ್ರ ಫೋನ್ ಮಾಡಿ, "ನನಗೇನೂ ಬ್ಯಾಡೋ ತಮ್ಮಾ, ಆದ್ರ ನೀ ಕೇಳಿದೆಲ್ಲ..." ಅಂದು ಇಟ್ಟುಬಿಟ್ಟರು.

ಈ ಮಾತು ಇನ್ನೂ ಮುಗಿದಿಲ್ಲ. ನಿಮ್ಮ ಊರಿನ ಹೊಲದ ಉತಾರದಲ್ಲಿ ಯಾರ ಹೆಸರಿದೆ, ಯಾರದು ಇಲ್ಲ? ಒಮ್ಮೆ ತೆಗೆಸಿ ನೋಡಿ, ತಿಳಿಸಿ.