ಹಾಜರಿ ಕೇಳದ ಪರೀಕ್ಷೆ

ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ವಿಶಾರದ, ಪ್ರವೀಣ. ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ಅರವತ್ತು ದಾಟಿದ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಈ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವವರು ಸಿಗುತ್ತಾರೆ. ಇವು ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳು. ಫೆಬ್ರುವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ನಡೆಯುವಂಥವು. ನನ್ನ ಜೀವನದ ಬಹುಭಾಗ ಈ ಪರೀಕ್ಷೆಗಳಿಗೆ ಜನರನ್ನು ತಯಾರು ಮಾಡುವುದರಲ್ಲೇ ಕಳೆದಿದೆ. ನಮ್ಮೂರಲ್ಲಿ ಕಾಲೇಜಿನ ಹೊರಗೂ ಭಾಷೆ ಕಲಿತು, ಅದನ್ನು ಲೆಕ್ಕಕ್ಕೆ ಹಿಡಿಸಿಕೊಳ್ಳುವ ಒಂದು ಗಟ್ಟಿಯಾದ ಪದ್ಧತಿ ಇತ್ತು ಎಂಬುದನ್ನು ಬರೆದಿಡಬೇಕು ಅನ್ನಿಸಿ ಈ ಲೇಖನಕ್ಕೆ ಕೂತಿದ್ದೇನೆ.

ಈ ಸಭೆಯ ಮೂಲ ಇರುವುದು 1918ರಲ್ಲಿ. ಇಂದೋರಿನ ಹಿಂದಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಗಾಂಧೀಜಿ, ದಕ್ಷಿಣದಲ್ಲಿ ಹಿಂದಿ ಕಲಿಸಲು ಪ್ರಚಾರಕರನ್ನು ಕಳಿಸುವ ಕೆಲಸ ಶುರುಮಾಡಿದರು. ಮದ್ರಾಸಿಗೆ ಮೊದಲು ಬಂದವರು ಅವರ ಕೊನೆಯ ಮಗ ದೇವದಾಸ ಗಾಂಧಿ. ಸಂಸ್ಥೆಯ ಅಧ್ಯಕ್ಷತೆಯನ್ನು ಗಾಂಧೀಜಿ ಕಡೆತನಕ ಬಿಡಲಿಲ್ಲ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ ಇದಕ್ಕೆ ನೆಲ ಹದವಾಗಿಯೇ ಇತ್ತು. ನಾ.ಸು. ಹರ್ಡೀಕರರ ಹಿಂದುಸ್ತಾನಿ ಸೇವಾದಳದ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. 1924ರಲ್ಲಿ ಗಾಂಧೀಜಿಯೇ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ಪಕ್ಕದ ಬೆಳಗಾವಿಯಲ್ಲಿ ನಡೆಯಿತು. ಖಾದಿ ಉಟ್ಟವರು ಹಿಂದಿಯನ್ನೂ ಕಲಿತರು. ಮುಂದೆ ಸಭೆಯ ಕರ್ನಾಟಕ ಶಾಖೆ ಧಾರವಾಡದಲ್ಲಿ ನೆಲೆಯೂರಿತು. 1964ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ಸಭೆಯನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಸಾರಿತು.

ಈ ಪರೀಕ್ಷೆಗಳ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಕೇಂದ್ರ ಸರಕಾರ ಕೊಟ್ಟ ಉತ್ತರ ಸ್ಪಷ್ಟವಾಗಿದೆ. ಪ್ರವೇಶಿಕಾ ಪಾಸಾದರೆ ಮೆಟ್ರಿಕ್ ಮಟ್ಟದ ಹಿಂದಿ, ವಿಶಾರದ ಆದರೆ ಇಂಟರ್ ಮಟ್ಟದ್ದು, ಪ್ರವೀಣ ಆದರೆ ಬಿ.ಎ. ಮಟ್ಟದ್ದು. ಆದರೆ ಈ ಸಮಾನತೆ ಹಿಂದಿ ವಿಷಯಕ್ಕೆ ಮಾತ್ರ. ಪ್ರವೀಣ ಆದವರು ಪದವೀಧರರಾಗುವುದಿಲ್ಲ, ಪದವೀಧರರಿಗೆ ಬರಬೇಕಾದಷ್ಟು ಹಿಂದಿ ಅವರಿಗೆ ಬರುತ್ತದೆ ಎಂದಷ್ಟೇ ಅರ್ಥ. ಹೊರಗಿನವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಹತ್ತನೆಯ ಇಯತ್ತೆಗೆ ಶಾಲೆ ಬಿಡಿಸಿ ಲಗ್ನ ಮಾಡಿಕೊಟ್ಟ ಹುಡುಗಿಗೆ ಅದು ಸಣ್ಣದಾಗಿರಲಿಲ್ಲ. ಬಿ.ಎ. ಮಟ್ಟಕ್ಕೆ ಒಂದು ವಿಷಯದಲ್ಲಾದರೂ ತಾನು ಸಮ ಎಂದು ಸರಕಾರವೇ ಒಪ್ಪಿದ ಕಾಗದ ಅವಳ ಕೈಯಲ್ಲಿರುತ್ತಿತ್ತು. ಎಲ್ಲಿ ಓದಿದಿ, ಎಷ್ಟು ದಿನ ಹಾಜರಿದ್ದಿ ಎಂದು ಕೇಳದೆ, ಏನು ಬರುತ್ತದೆ ಎಂದಷ್ಟೇ ಕೇಳಿ ಕೊಟ್ಟ ಕಾಗದ ಅದು.

ನಮ್ಮ ವರ್ಗ ನಡೆಯುತ್ತಿದ್ದದ್ದು ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಸಂಜೆಯ ನೀರು ಬರುವುದರೊಳಗೆ. ಕನ್ನಡದ ಹೆಣ್ಣುಮಕ್ಕಳಿಗೆ ಹೆಚ್ಚು ತೊಡಕಾಗುತ್ತಿದ್ದದ್ದು ಲಿಂಗ. ನಮಗೆ ಪುಸ್ತಕವೂ ಮನೆಯೂ ಎರಡೂ ‘ಅದು’. ಹಿಂದಿಯಲ್ಲಿ ಪುಸ್ತಕ ಹೆಣ್ಣು, ಮನೆ ಗಂಡು. ಅದರ ಮೇಲೆ ಭೂತಕಾಲದ ‘ನೇ’ ಪ್ರತ್ಯಯ: ಕರ್ತೃ ಹೆಣ್ಣಾಗಿದ್ದರೂ ಕ್ರಿಯಾಪದ ಕರ್ಮದ ಬೆನ್ನು ಹತ್ತಿ ಹೋಗುತ್ತದೆ. ಸೀತಾ ರೊಟ್ಟಿ ತಿಂದರೆ ಒಂದು ರೂಪ, ಹಣ್ಣು ತಿಂದರೆ ಇನ್ನೊಂದು. ಈ ನಿಯಮವನ್ನು ನಾನು ಹಲಗೆಯ ಮೇಲೆ ಬರೆದು ಕಲಿಸಿದ್ದು ಕಡಿಮೆ. ಮನೆಯೊಳಗಿನ ಸಾಮಾನು ಒಂದೊಂದೇ ಕೈಯಲ್ಲಿ ಹಿಡಿದು, ನಾನು ಕೊಂಡೆ, ನಾನು ತೊಳೆದೆ, ನಾನು ಇಟ್ಟೆ ಎಂದು ಹೇಳಿಸಿ ರೂಢಿ ಮಾಡಿಸುತ್ತಿದ್ದೆ. ಅನುವಾದದ ಪ್ರಶ್ನೆ ಬಂದಾಗ ಮಾತ್ರ ಅವರದೇ ಮೇಲುಗೈ. ದಿನವಿಡೀ ಕನ್ನಡ, ಮರಾಠಿ, ಉರ್ದು ಕಿವಿಗೆ ಬೀಳುವ ಊರಿನವರಿಗೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಹೊಸದಲ್ಲ. ಹೀಗೆ ಕಲಿತವರಲ್ಲಿ ಕೆಲವರು ಶಾಲೆಗಳಲ್ಲಿ ಹಿಂದಿ ಶಿಕ್ಷಕಿಯರಾದರು, ಕೆಲವರು ತಮ್ಮದೇ ಪಡಸಾಲೆಯಲ್ಲಿ ವರ್ಗ ತೆಗೆದರು.

ಗಂಡಸರ ದಾರಿ ಬೇರೆಯಿತ್ತು. 1960ರ ಏಪ್ರಿಲ್‌ನ ರಾಷ್ಟ್ರಪತಿ ಆದೇಶದ ಪ್ರಕಾರ, 1961ರ ಜನವರಿ 1ಕ್ಕೆ 45 ತುಂಬದ ಕೇಂದ್ರ ಸರಕಾರಿ ನೌಕರರು ಹಿಂದಿ ತರಬೇತಿ ಪಡೆಯಲೇಬೇಕಾಯಿತು. ಕಾರಖಾನೆಯ ಕೆಲಸಗಾರರನ್ನೂ ಕೆಳದರ್ಜೆಯವರನ್ನೂ ಬಿಟ್ಟಿದ್ದರು. ಪ್ರಬೋಧ, ಪ್ರವೀಣ, ಪ್ರಾಜ್ಞ ಎಂದು ಮೂರು ಮೆಟ್ಟಿಲು; ಇಲ್ಲಿಯ ಪ್ರವೀಣ ಸಭೆಯ ಪ್ರವೀಣವಲ್ಲ, ಹೆಸರಷ್ಟೇ ಒಂದು. ಯಾರು ಎಲ್ಲಿಂದ ಹತ್ತಬೇಕು ಎಂಬುದನ್ನು ಮಾತೃಭಾಷೆ ನಿರ್ಧರಿಸುತ್ತಿತ್ತು. ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಒಂದೇ ಸಾಲಿನ ಮೇಜುಗಳಲ್ಲಿ ಕೂತ ಗುಮಾಸ್ತರಲ್ಲಿ ಕನ್ನಡದವರು ಪ್ರಬೋಧದಿಂದ, ಮರಾಠಿಯವರು ನೇರ ಪ್ರವೀಣದಿಂದ, ಉರ್ದುವಿನವರು ನೇರ ಪ್ರಾಜ್ಞದಿಂದ ಶುರುಮಾಡುವ ವ್ಯವಸ್ಥೆ. ಮೆಟ್ರಿಕ್‌ನಲ್ಲಿ ಹಿಂದಿ ಓದಿ ಪಾಸಾದವರಿಗೆ ತರಬೇತಿಯಿಂದಲೇ ವಿನಾಯಿತಿ. ಬರುವುದನ್ನು ಮತ್ತೆ ಕಲಿಸಬೇಡಿ, ಬರದಿದ್ದಲ್ಲಿಂದ ಕಲಿಸಿ ಎಂಬ ಈ ವಿವೇಕ ನನಗೆ ಇಂದಿಗೂ ಮೆಚ್ಚುಗೆ.

ಆದರೆ ಎರಡು ದಾರಿಗಳ ನಡುವಿನ ಅಂತರವನ್ನು ನಾನು ಮುಚ್ಚಿಡಲಾರೆ. ಪಡಸಾಲೆಗೆ ಬಂದವರು ತಾವಾಗಿ ಬಂದವರು. ಕಚೇರಿಯವರು ಆದೇಶಕ್ಕೆ ಕೂತವರು. ಒಲಿದು ಕಲಿತ ಭಾಷೆ ಮನೆಯದಾಗುತ್ತದೆ, ಹೇರಿದ ಭಾಷೆ ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ. ಅದಕ್ಕೇ ವಿ.ಕೃ. ಗೋಕಾಕ್ ಸಮಿತಿ ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದಾಗ, 1982ರಲ್ಲಿ ಪಾಟೀಲ ಪುಟ್ಟಪ್ಪ, ಚಂದ್ರಶೇಖರ ಪಾಟೀಲರಂಥವರು ಧಾರವಾಡದಿಂದ ಕೂಗು ಎಬ್ಬಿಸಿದಾಗ, ಹಿಂದಿ ಕಲಿಸುವ ನಾನೂ ಆ ಕಡೆಗೇ ಇದ್ದೆ. ಹಿಂದಿಯ ಮೇಲಿನ ಪ್ರೀತಿಗೂ ಕನ್ನಡದ ಹಕ್ಕಿಗೂ ನನ್ನೊಳಗೆ ಎಂದೂ ಜಗಳ ಬಿದ್ದಿಲ್ಲ.

ಈಗ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ. ಧಾರವಾಡಕ್ಕೆ ಐಐಟಿ ಬಂದಿದೆ. ಉತ್ತರದಿಂದ ಬಂದ ಎಷ್ಟೋ ಸಂಸಾರಗಳು ನಮ್ಮ ಓಣಿಗಳಲ್ಲೇ ಬಾಡಿಗೆಗಿವೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಅವರು ಕಲಿಯುವ ಕನ್ನಡವನ್ನು ಲೆಕ್ಕಕ್ಕೆ ಹಿಡಿಯುವವರು ಯಾರು? ಕನ್ನಡ ಸಾಹಿತ್ಯ ಪರಿಷತ್ತಿಗೆ ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳಿವೆ. ಆದರೆ ಬಾಗಿಲಿಗೆ ಬಂದು ಕರೆಯುವ ಪ್ರಚಾರಕರಿಲ್ಲ, ಮಧ್ಯಾಹ್ನದ ವರ್ಗಗಳಿಲ್ಲ. ಕನ್ನಡ ಕಲಿಯುವವರಿಗೂ ಮಾತೃಭಾಷೆ ನೋಡಿ ಮೆಟ್ಟಿಲು ಗೊತ್ತುಮಾಡಬೇಕು, ಪಾಸಾದವರಿಗೆ ಕಚೇರಿಯಲ್ಲಿ, ಕಾಲೇಜಿನಲ್ಲಿ ಅದಕ್ಕೊಂದು ಬೆಲೆ ಕಟ್ಟಬೇಕು. ಹಿಂದಿಗಾಗಿ ನಾವು ಪಡಸಾಲೆ ತೆರವು ಮಾಡಿಕೊಟ್ಟಿದ್ದೆವು. ಕನ್ನಡಕ್ಕಾಗಿ ಅದೇ ಕೆಲಸ ಮಾಡಲು ನಿವೃತ್ತ ಶಿಕ್ಷಕಿಯರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ನಾನೂ ಒಬ್ಬಳು.