ಓವರ್ ಕೊಡುವ ಹೊತ್ತು

ರಾತ್ರಿ ಹತ್ತಾದರೂ ಅತ್ತಿಗೆ ಡೊಂಬಿವಿಲಿಯ ಮನೆಗೆ ಬಾರದಿದ್ದರೆ ಅಣ್ಣ ಗಾಬರಿಯಾಗುತ್ತಿರಲಿಲ್ಲ. ‘ಓವರ್ ಕೊಡ್ತಾ ಇರ್ತಾಳೆ ಬಿಡು’ ಅನ್ನುತ್ತಿದ್ದ. ಅತ್ತಿಗೆ ಮುಂಬೈಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಪಾಳಿ ಎಂಟಕ್ಕೇ ಮುಗಿದರೂ ಪ್ರತಿ ಮಂಚದ ಮುಂದೆ ನಿಂತು ಮುಂದಿನವಳಿಗೆ ಎಲ್ಲ ಒಪ್ಪಿಸಿಯೇ ಹೊರಡುವವರು.

ಒಮ್ಮೆ ಮಾತ್ರ ಲೋಕಲ್ ಹಿಡಿಯುವ ಅವಸರದಲ್ಲಿ ಟೇಬಲ್ ಹತ್ತಿರವೇ ನಿಂತು ಹೇಳಿ ಬಂದರಂತೆ. ಏಳನೇ ಮಂಚದ ಅಜ್ಜನಿಗೆ ಸಂಜೆಯಿಂದ ಮೂತ್ರ ಕಮ್ಮಿಯಾಗಿದ್ದ ವಿಷಯ ಬಿಟ್ಟುಹೋಯಿತು. ಬೆಳಗಿನ ಜಾವ ಅಜ್ಜ ತೀರಿಕೊಂಡರು. ಮೆಮೊ ಬಂದದ್ದು ರಾತ್ರಿ ಪಾಳಿಯ ಹುಡುಗಿಗೆ. ಅತ್ತಿಗೆ ಆಗ ಬಾಯಿ ಬಿಡಲಿಲ್ಲ. ನನಗೆ ಹೇಳಿದ್ದೂ ನಿವೃತ್ತರಾದ ಮೇಲೆ.

ಅಂದಿನಿಂದ ಈ ಓವರಿನ ಚರಿತ್ರೆ ಹುಡುಕಿ ಓದುವ ಹುಚ್ಚು ನನಗೆ.

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ನಮಗೆಲ್ಲ ನೆನಪಾಗುವುದು ಕೈಯಲ್ಲಿನ ದೀಪ. ಆದರೆ 1859ರ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಆಕೆ ಇದಕ್ಕೆಂದೇ ಒಂದು ಅಧ್ಯಾಯ ಬರೆದಿದ್ದಾಳೆ. ನೀನಿದ್ದಾಗ ಮಾಡುವ ಕೆಲಸ ನೀನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡದಿದ್ದರೆ, ಉಳಿದ ಆರೈಕೆಯೆಲ್ಲ ನೀರಲ್ಲಿ ಹೋಮ ಎಂಬುದು ಅದರ ಸಾರ. ಅಂದರೆ ಹೊಣೆ ಪಾಳಿಯೊಂದಿಗೆ ಮುಗಿಯುವುದಿಲ್ಲ.

ಕಾನೂನು ಇದನ್ನು ಹೇಗೆ ನೋಡುತ್ತದೆ? ಇಂಗ್ಲೆಂಡಿನ ಲೆಸ್ಟರ್ ಆಸ್ಪತ್ರೆಯ ಕಥೆ ಕೇಳಿ. 2011ರ ಫೆಬ್ರವರಿ 18ರಂದು ಆರು ವರ್ಷದ ಜ್ಯಾಕ್ ಆಡ್ಕಾಕ್ ಎಂಬ ಹುಡುಗ ಸೋಂಕು ರಕ್ತಕ್ಕೇರಿ ಸತ್ತ. ಅಂದು ಕಂಪ್ಯೂಟರ್ ಕೆಟ್ಟು ರಕ್ತಪರೀಕ್ಷೆಯ ಫಲಿತಾಂಶಗಳು ತಡವಾಗಿದ್ದವು. ಸಂಜೆ ನಾಲ್ಕೂವರೆಯ ಹ್ಯಾಂಡೋವರಿನಲ್ಲಿ ಕಿರಿಯ ವೈದ್ಯೆ ಆ ಅಂಕಿಗಳನ್ನು ಹೇಳಿದಳು, ಹಿರಿಯ ವೈದ್ಯ ಪುಸ್ತಕದಲ್ಲಿ ಬರೆದುಕೊಂಡ. ಮಗುವನ್ನು ಹೋಗಿ ನೋಡಲಿಲ್ಲ. ನರ್ಸ್ ಏಜೆನ್ಸಿಯಿಂದ ಬಂದವಳು, ನಾಡಿ-ಉಸಿರಾಟದ ದಾಖಲೆ ಸರಿಯಾಗಿ ಇಟ್ಟಿರಲಿಲ್ಲ. ರಾತ್ರಿ ಮಗು ಹೋಯಿತು.

2015ರಲ್ಲಿ ಅಪರಾಧಿಗಳೆಂದು ತೀರ್ಮಾನವಾದದ್ದು ಕಿರಿಯ ವೈದ್ಯೆ ಮತ್ತು ಆ ನರ್ಸ್. 2016ರಲ್ಲಿ ನರ್ಸಿನ ಹೆಸರು ನೋಂದಣಿ ಪಟ್ಟಿಯಿಂದ ಹೋಯಿತು. ವೈದ್ಯೆಯ ಪರವಾಗಿ ಡಾಕ್ಟರುಗಳು ಚಂದಾ ಎತ್ತಿ ಹೋರಾಡಿದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಆಕೆಯ ಹೆಸರನ್ನು ಪಟ್ಟಿಗೆ ಮರಳಿಸಿತು. ನರ್ಸಿಗೆ ಅಂಥ ಚಂದಾ ಎತ್ತಿದ ಸುದ್ದಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಾದರೆ ನರ್ಸಿನದು ತಪ್ಪಿಲ್ಲವೇ? ಇದೆ. ದಾಖಲೆ ಬರೆಯದಿರುವುದು ತಪ್ಪೇ, ನಮ್ಮತ್ತಿಗೆ ಹೇಳದೆ ಬಂದದ್ದೂ ತಪ್ಪೇ. ಆದರೆ ಕೊನೆಯಲ್ಲಿ ಕೈಗೆ ಸಿಕ್ಕವಳನ್ನು ಹಿಡಿದು ಕಡತ ಮುಚ್ಚಿದರೆ ಮುಂದಿನ ರೋಗಿಗೇನು ಲಾಭ? ಉತ್ತರ ಅಮೆರಿಕದ 9 ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರಿಗೆ ಓವರ್ ಕೊಡುವುದನ್ನೇ ಕ್ರಮವಾಗಿ ಕಲಿಸಿದರು. ರೋಗಿ ಎಷ್ಟು ಗಂಭೀರ, ಮುಂದೇನು ಮಾಡಬೇಕು, ಏನಾದೀತು ಎಂಬ ಎಚ್ಚರಿಕೆ, ಕೊನೆಗೆ ಕೇಳಿಸಿಕೊಂಡವರು ತಿರುಗಿ ಹೇಳಬೇಕು... ಇಷ್ಟೇ. ತಪ್ಪುಗಳು 23% ಇಳಿದವು ಎಂದು 2014ರ ವರದಿ ಹೇಳುತ್ತದೆ.

ಇದನ್ನೆಲ್ಲ ಓದಿ ಅತ್ತಿಗೆಗೆ ಹೇಳಿದೆ. ‘ಪದ್ಧತಿ ಸರಿ ಇರಬೇಕು, ನಿಜ. ಆದ್ರೆ ಆ ಹುಡುಗಿ ಮೆಮೊ ಹಿಡ್ಕೊಂಡು ಅಳ್ತಾ ನಿಂತಾಗ ನಾನು ಸುಮ್ಮನಿದ್ದೆನಲ್ಲ, ಅದು ಯಾವ ಪದ್ಧತಿಯ ತಪ್ಪು ಹೇಳು?’ ಅಂದರು.

ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮಲ್ಲಿದೆಯೇ?